ಗುರಿಯನ್ನು ಪ್ರಶ್ನಿಸದ ನಿಖರತೆ

ಮೂಳೆ ಮತ್ತು ಕೀಲುಗಳ ಶಸ್ತ್ರಚಿಕಿತ್ಸೆಯಲ್ಲಿ ಕೃತಕ ಬುದ್ಧಿಮತ್ತೆ ಈಗ ಮೂರು ಕಡೆ ಕೆಲಸ ಮಾಡುತ್ತಿದೆ. ಎಕ್ಸ್‌ರೇಯಲ್ಲಿ ಮುರಿತ ಗುರುತಿಸುವುದು ಮೊದಲನೆಯದು. ಸಿ.ಟಿ. ಸ್ಕ್ಯಾನಿನಿಂದ ಮೂಳೆಯ ಮೂರು ಆಯಾಮದ ಮಾದರಿ ಕಟ್ಟಿ, ಕೃತಕ ಕೀಲಿನ ಅಳತೆ, ಜಾಗ, ಕೋನಗಳನ್ನು ಮುಂಚಿತವಾಗಿ ಲೆಕ್ಕ ಹಾಕುವುದು ಎರಡನೆಯದು. ಆ ಲೆಕ್ಕದ ಪ್ರಕಾರ ಮೂಳೆ ಕತ್ತರಿಸಲು ರೋಬೋಟ್ ತೋಳಿಗೆ ನೆರವಾಗುವುದು ಮೂರನೆಯದು. ಇವನ್ನು ಎಷ್ಟು ನಂಬಬೇಕು, ಯಾವ ಆಧಾರದ ಮೇಲೆ ನಂಬಬೇಕು ಎಂಬ ಬಗ್ಗೆ ಇಲ್ಲಿ ಇಬ್ಬರು ಮಾತಾಡುತ್ತಾರೆ: ವೈದ್ಯಕೀಯ ಚಿತ್ರಗಳನ್ನು ಓದುವ ತಂತ್ರಾಂಶ ಬರೆಯುವ ಎಂಜಿನಿಯರ್ ಒಬ್ಬರು, ಕೀಲು ಬದಲಿಸುವ ಶಸ್ತ್ರವೈದ್ಯೆ ಒಬ್ಬರು.

ಎಂಜಿನಿಯರ್: ಮೇಡಂ, ಆಕ್ಷೇಪದಿಂದಲೇ ಶುರು ಮಾಡುತ್ತೇನೆ. ಕೃತಕ ಬುದ್ಧಿಮತ್ತೆಯ ಮಾತು ಬಂದ ಕೂಡಲೇ ಮೂಳೆ ವೈದ್ಯರಲ್ಲಿ ಅನೇಕರು "ಇನ್ನಷ್ಟು ಪುರಾವೆ ಬರಲಿ" ಎನ್ನುತ್ತಾರೆ. ಆದರೆ ಕಾಯುತ್ತಾ ಕೂತರೆ ಅದರ ನಷ್ಟ ಯಾರಿಗೆ? ತುರ್ತು ಚಿಕಿತ್ಸಾ ವಿಭಾಗದಲ್ಲಿ ಆಗುವ ತಪ್ಪುಗಳಲ್ಲಿ ಕಣ್ತಪ್ಪಿದ ಮುರಿತಗಳದ್ದು ದೊಡ್ಡ ಪಾಲು. ಇಂಗ್ಲೆಂಡಿನ ಆರೋಗ್ಯ ಸೇವೆಗೆ ಸಲಹೆ ನೀಡುವ ನೈಸ್ ಸಂಸ್ಥೆಯ ಅಂದಾಜಿನಂತೆ ನೂರರಲ್ಲಿ 3ರಿಂದ 10 ಪ್ರಕರಣಗಳಲ್ಲಿ ಮುರಿತ ಮೊದಲ ನೋಟಕ್ಕೆ ಸಿಗುವುದಿಲ್ಲ. 2018ರ ಮೇ ತಿಂಗಳಲ್ಲೇ ಅಮೆರಿಕದ ಎಫ್.ಡಿ.ಎ. ವಯಸ್ಕರ ಮಣಿಕಟ್ಟಿನ ಮುರಿತ ಗುರುತಿಸುವ ಆಸ್ಟಿಯೋಡಿಟೆಕ್ಟ್ ತಂತ್ರಾಂಶಕ್ಕೆ ಅನುಮತಿ ಕೊಟ್ಟಿತು. 2025ರ ಜನವರಿಯಲ್ಲಿ ನೈಸ್ ಇಂಥ ನಾಲ್ಕು ತಂತ್ರಾಂಶಗಳನ್ನು ಹೆಸರಿಸಿ, ಪುರಾವೆ ಕೂಡಿಸುತ್ತಲೇ ಬಳಸಬಹುದು ಎಂದಿತು. ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳನ್ನು ನೋಡಿ. ಎಕ್ಸ್‌ರೇ ಯಂತ್ರ ಇರುತ್ತದೆ; ರಾತ್ರಿ ಪಾಳಿಯಲ್ಲಿ ಚಿತ್ರ ಓದಲು ರೇಡಿಯಾಲಜಿಸ್ಟ್ ಇರುವುದು ಅಪರೂಪ. ಅಲ್ಲಿ ಒಬ್ಬರೇ ದುಡಿಯುವ ಡ್ಯೂಟಿ ಡಾಕ್ಟರಿಗೆ ದಣಿವಿಲ್ಲದ ಸಹಾಯಕನೊಬ್ಬ ಸಿಗುವುದಾದರೆ ತಡೆಯುವುದು ಯಾವ ನ್ಯಾಯ?

ಶಸ್ತ್ರವೈದ್ಯೆ: ನಾನು ತಡೆಯುತ್ತಿಲ್ಲ. ಕಣ್ತಪ್ಪಿದ ಮುರಿತದ ಫಲ ಏನೆಂದು ನಮಗೆ ಚೆನ್ನಾಗಿ ಗೊತ್ತು. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಇದೆ. ಅದಕ್ಕೆ ರಕ್ತ ಬಹುಮಟ್ಟಿಗೆ ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪುತ್ತದೆ. ಸಕಾಲಕ್ಕೆ ಕಟ್ಟು ಹಾಕದಿದ್ದರೆ ಮೂಳೆ ಕೂಡದೆ ಉಳಿಯಬಹುದು, ಆ ತುಂಡು ಸಾಯಬಹುದು, ಕೆಲವು ವರ್ಷಗಳಲ್ಲಿ ಇಡೀ ಮಣಿಕಟ್ಟು ಸವೆಯಬಹುದು. ಆದರೆ ಇದೇ ಮೂಳೆಯ ಮುರಿತ ಎಷ್ಟೋ ಸಲ ಬಿದ್ದ ದಿನದ ಎಕ್ಸ್‌ರೇಯಲ್ಲಿ ಮೂಡುವುದೇ ಇಲ್ಲ. ಆಗ ನಾವು ಒತ್ತಿ ನೋಡಿದಾಗ ರೋಗಿ ಹೇಳುವ ನೋವನ್ನು ನಂಬಿ ಕಟ್ಟು ಹಾಕುತ್ತೇವೆ. ಎರಡು ವಾರ ಬಿಟ್ಟು ಮತ್ತೆ ಎಕ್ಸ್‌ರೇ ಅಥವಾ ಎಂ.ಆರ್.ಐ. ಮಾಡಿಸುತ್ತೇವೆ. ಚಿತ್ರದಲ್ಲಿ ಇಲ್ಲದ್ದನ್ನು ತಂತ್ರಾಂಶ ಕಾಣಲಾರದು. ಅದು "ಮುರಿತ ಇಲ್ಲ" ಎಂದಿತೆಂದು ರೋಗಿಯನ್ನು ಮನೆಗೆ ಕಳುಹಿಸಿದರೆ, ಚಿತ್ರ ಓದುವ ಕೆಲಸದಲ್ಲಿ ಅದು ಸರಿ, ರೋಗಿಯ ವಿಷಯದಲ್ಲಿ ತಪ್ಪು. ನನ್ನ ವಾದ ಇಷ್ಟೇ: ತನಗೆ ಕೊಟ್ಟ ಗುರಿಯನ್ನು ತಂತ್ರಾಂಶ ಎಷ್ಟು ನಿಖರವಾಗಿ ಮುಟ್ಟಿತು ಎಂದು ನೋಡಿದರೆ ಸಾಲದು. ಆ ಗುರಿ ಯಾವುದು, ಅದನ್ನು ಮುಟ್ಟಿದ್ದರಿಂದ ರೋಗಿಗೆ ಏನಾಯಿತು ಎಂದು ನೋಡಬೇಕು. ಈ ಎರಡರ ನಡುವಿನ ಅಂತರ ಬೇರೆ ವಿಭಾಗಗಳಿಗಿಂತ ನಮ್ಮಲ್ಲಿ ಹೆಚ್ಚು ಅಪಾಯಕಾರಿ. ಕತ್ತರಿಸಿ ತೆಗೆದ ಮೂಳೆಯನ್ನು ಮರಳಿ ಇಡಲಾಗುವುದಿಲ್ಲ.

ಎಂಜಿನಿಯರ್: ಗುರಿಯ ಮಾತು ಆಮೇಲೆ ಬರಲಿ. ಮೊದಲು ನಿಖರತೆಯನ್ನಾದರೂ ಒಪ್ಪಿಕೊಳ್ಳುತ್ತೀರಾ? ಸಾವಿರಾರು ಚಿತ್ರ ತೋರಿಸಿ, ಇದರಲ್ಲಿ ಮುರಿತ ಇದೆ, ಇದರಲ್ಲಿ ಇಲ್ಲ ಎಂದು ತಜ್ಞರಿಂದಲೇ ಹೇಳಿಸಿ ಕಲಿಸಿದ ಮಾದರಿಗಳು ಇವು. ಊಹೆಯ ಮೇಲೆ ನಿಂತವಲ್ಲ.

ಶಸ್ತ್ರವೈದ್ಯೆ: ನಿಖರತೆಯೂ ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ ಮುರಾ ಎಂಬ ಸಂಗ್ರಹದಲ್ಲಿ ಭುಜದಿಂದ ಬೆರಳಿನವರೆಗಿನ 40,561 ಎಕ್ಸ್‌ರೇ ಚಿತ್ರಗಳಿದ್ದವು. ಅದರ ಮೇಲೆ ಅವರೇ ಕಲಿಸಿದ ಮಾದರಿ ಬೆರಳು, ಮಣಿಕಟ್ಟಿನ ಚಿತ್ರಗಳಲ್ಲಿ ರೇಡಿಯಾಲಜಿಸ್ಟರಿಗೆ ಸರಿಸಮನಾಗಿತ್ತು. ಮೊಣಕೈ, ಮುಂಗೈ, ಭುಜಗಳಲ್ಲಿ ಹಿಂದೆ ಬಿತ್ತು. ಇದಕ್ಕಿಂತ ಗಂಭೀರವಾದದ್ದು 2019ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಸಂಸ್ಥೆಯಿಂದ ಬಂದ ಅಧ್ಯಯನ. ಅವರ ಬಳಿ ಸೊಂಟದ 23,602 ಎಕ್ಸ್‌ರೇಗಳಿದ್ದವು. ಮುರಿತ ಇರುವ ಒಂದು ಚಿತ್ರ, ಇಲ್ಲದ ಒಂದು ಚಿತ್ರ ಕೊಟ್ಟರೆ ಯಾವುದು ಯಾವುದೆಂದು ಬಿಡಿಸಿ ಹೇಳುವ ಶಕ್ತಿಯನ್ನು ಅಳೆಯುವ ಒಂದು ಮಾನ ಇದೆ. ಅದರಲ್ಲಿ 1 ಎಂದರೆ ತಪ್ಪೇ ಇಲ್ಲ, 0.5 ಎಂದರೆ ಬರೀ ಅದೃಷ್ಟ. ಮಾದರಿಗೆ 0.78 ಬಂತು. ಆಮೇಲೆ ಸಂಶೋಧಕರು ಎರಡೂ ಗುಂಪಿನ ರೋಗಿಗಳ ವಯಸ್ಸು, ಲಿಂಗದಂಥ ವಿವರಗಳನ್ನೂ, ಚಿತ್ರ ತೆಗೆದ ಯಂತ್ರ ಯಾವುದು, ತುರ್ತಾಗಿ ಬರೆದುಕೊಟ್ಟದ್ದೇ ಎಂಬಂಥ ಆಸ್ಪತ್ರೆಯ ವಿವರಗಳನ್ನೂ ಸರಿದೂಗಿಸಿ ಮತ್ತೆ ಪರೀಕ್ಷಿಸಿದರು. ಅಂಕ 0.52ಕ್ಕೆ ಇಳಿಯಿತು. ಮಾದರಿ ಬಹುಮಟ್ಟಿಗೆ ಮೂಳೆಯನ್ನು ಓದುತ್ತಿರಲಿಲ್ಲ. ಬಿದ್ದು ಮುರಿದುಕೊಂಡವರನ್ನು ಯಾವ ಯಂತ್ರದಲ್ಲಿ, ಯಾವ ಅವಸರದಲ್ಲಿ ಚಿತ್ರ ತೆಗೆಯುತ್ತಾರೆ ಎಂಬ ಸುಳಿವನ್ನು ಚಿತ್ರದಿಂದಲೇ ಹೆಕ್ಕಿಕೊಂಡಿತ್ತು. ಆ ಆಸ್ಪತ್ರೆಯಲ್ಲಿ ಕಲಿತದ್ದನ್ನು ಹಾವೇರಿಗೋ ರಾಯಚೂರಿಗೋ ತಂದರೆ ಸುಳಿವುಗಳೆಲ್ಲ ಬದಲಾಗಿರುತ್ತವೆ.

ಎಂಜಿನಿಯರ್: ಅದು ಆರಂಭದ ದಿನಗಳ ದೋಷ. ಒಳ್ಳೆಯ ದತ್ತಾಂಶ, ಒಳ್ಳೆಯ ಪರೀಕ್ಷೆ ಇದ್ದರೆ ನಿವಾರಿಸಬಹುದು ಎನ್ನುವುದಕ್ಕೂ ಸಾಕ್ಷಿ ಇದೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಕಟ್ಟಿದ ಮಾದರಿಯೊಂದು ತೊಡೆಮೂಳೆಯ ಮೇಲ್ತುದಿಯ ಮುರಿತ ಗುರುತಿಸುವುದರಲ್ಲಿ 0.99ಕ್ಕೂ ಮೇಲಿನ ಅಂಕ ಪಡೆಯಿತು. ಅದನ್ನು ತನ್ನ ಊರಲ್ಲೇ ಪರೀಕ್ಷಿಸಿ ಬಿಡಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡಿನ ರೋಗಿಗಳ ಚಿತ್ರಗಳ ಮೇಲೂ ಓಡಿಸಿದರು. ಅಲ್ಲೂ 0.98ರಷ್ಟು ಬಂತು. 2022ರಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಊರು, ಯಂತ್ರ, ದೇಶ ಬದಲಾದರೂ ನಿಂತಿದೆಯಲ್ಲ?

ಶಸ್ತ್ರವೈದ್ಯೆ: ನಿಂತಿದೆ, ಮತ್ತು ಆ ಪ್ರಬಂಧ ಬರೆದವರ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಅಂಕ ಬಂದ ಮೇಲೆ ಅವರು ಸುಮ್ಮನಾಗಲಿಲ್ಲ. ಮಾದರಿ ಎಡವಿದ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಅಲ್ಲಿ ಕಂಡದ್ದೇನು? ಸೂಕ್ಷ್ಮ ಬಿರುಕುಗಳನ್ನು ಹಿಡಿಯುವ ಅದೇ ಮಾದರಿ, ಮೂಳೆ ಪೂರ್ತಿ ಮುರಿದು ತುಂಡುಗಳು ಜಾಗ ಬಿಟ್ಟು ಸರಿದ ಕೆಲವು ಮುರಿತಗಳನ್ನು ಬಿಟ್ಟುಬಿಟ್ಟಿತ್ತು. ಅಂಥದನ್ನು ಮೂಳೆ ವಿಭಾಗಕ್ಕೆ ಹೊಸದಾಗಿ ಸೇರಿದ ಪಿ.ಜಿ. ವಿದ್ಯಾರ್ಥಿಯೂ ಬಿಡುವುದಿಲ್ಲ. ಪ್ಯಾಜೆಟ್ ಕಾಯಿಲೆಯಂಥ ರೋಗದಿಂದ ಮೂಳೆಯ ಆಕಾರವೇ ಬದಲಾದವರಲ್ಲೂ ಅದು ಎಡವಿತು. ಸರಾಸರಿಯಲ್ಲಿ ಮನುಷ್ಯನಿಗಿಂತ ಮೇಲು, ಆದರೆ ತಪ್ಪುವ ಬಗೆ ಮನುಷ್ಯನದಲ್ಲ. ಆಸ್ಪತ್ರೆಯ ಎಚ್ಚರಿಕೆಯ ವ್ಯವಸ್ಥೆಗಳೆಲ್ಲ ಮನುಷ್ಯರು ತಪ್ಪುವ ಬಗೆಯನ್ನು ನೋಡಿ ಕಟ್ಟಿದವು. ದಣಿದ ವೈದ್ಯರು ಸಣ್ಣ ಬಿರುಕನ್ನು ಬಿಡಬಹುದೆಂದು ನಮಗೆ ಗೊತ್ತಿರುವುದರಿಂದ ಮರುದಿನ ಬೆಳಿಗ್ಗೆ ಚಿತ್ರಗಳನ್ನು ಮತ್ತೆ ನೋಡುತ್ತೇವೆ. ತಂತ್ರಾಂಶ ಎಲ್ಲಿ ತಪ್ಪುತ್ತದೆಂದು ಗೊತ್ತಿಲ್ಲದೆ ಅದನ್ನು ಬಳಸುವವರು ಎಲ್ಲಿ ಎಚ್ಚರವಾಗಿರಬೇಕೆಂದು ತಿಳಿಯದೆ ಉಳಿಯುತ್ತಾರೆ. ಹಾಗಾಗಿ ಮಾರಾಟದ ಕಾಗದದಲ್ಲಿ ಬರೆದ ಅಂಕ ನನಗೆ ಸಾಲದು. ತಪ್ಪುಗಳ ಪಟ್ಟಿ ಬೇಕು.

ಎಂಜಿನಿಯರ್: ಒಪ್ಪುತ್ತೇನೆ, ಅದು ನಮ್ಮ ಕೈಲಾಗುವ ಕೆಲಸ. ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ವೈದ್ಯರಿಗೆ ಕಾಣದ್ದನ್ನು ಯಂತ್ರ ಕಂಡ ಉದಾಹರಣೆ ನಿಮ್ಮ ಕ್ಷೇತ್ರದಲ್ಲೇ ಇದೆ. ಮಂಡಿ ಸವೆತ ಎಷ್ಟಿದೆ ಎಂದು ಎಕ್ಸ್‌ರೇ ನೋಡಿ ದರ್ಜೆ ಕೊಡುವ ನಿಮ್ಮ ಪದ್ಧತಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅವರದು, 1957ರಷ್ಟು ಹಳೆಯದು, ಇಂಗ್ಲೆಂಡಿನ ಬಿಳಿಯ ಜನರನ್ನು ನೋಡಿ ರೂಪಿಸಿದ್ದು. ಅಮೆರಿಕದಲ್ಲಿ ಒಂದೇ ದರ್ಜೆ ಪಡೆದ ಇಬ್ಬರಲ್ಲಿ ಕಪ್ಪು ಜನಾಂಗದವರು ಬಿಳಿಯರಿಗಿಂತ ಹೆಚ್ಚು ನೋವು ಹೇಳುತ್ತಿದ್ದರು. ಕಾರಣ ಮಂಡಿಯ ಹೊರಗಿದೆ, ಮನಸ್ಸಿನ ಒತ್ತಡ ಇರಬಹುದು ಎಂದು ತಳ್ಳಿಹಾಕುತ್ತಿದ್ದರು. 2021ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಎಮ್ಮಾ ಪಿಯರ್ಸನ್ ಮತ್ತು ಸಂಗಡಿಗರು ಅದೇ ಎಕ್ಸ್‌ರೇಗಳನ್ನು ಯಂತ್ರಕ್ಕೆ ಕೊಟ್ಟ ಪ್ರಯೋಗ ಪ್ರಕಟವಾಯಿತು. ನೋವಿನ ಆ ವ್ಯತ್ಯಾಸದಲ್ಲಿ ಹಳೆಯ ದರ್ಜೆ ವಿವರಿಸಲು ಸಾಧ್ಯವಾದದ್ದು ಶೇ. 9 ಮಾತ್ರ; ಯಂತ್ರದ ಅಂದಾಜು ಶೇ. 43ನ್ನು ವಿವರಿಸಿತು. ನೋವಿನ ಗುರುತು ಮಂಡಿಯಲ್ಲೇ ಇತ್ತು, ನಿಮ್ಮ ದರ್ಜೆ ಅದನ್ನು ಕಾಣಲಿಲ್ಲ. ಮಂಡಿ ಬದಲಿಸಬೇಕೋ ಬೇಡವೋ ಎಂಬ ನಿರ್ಧಾರದಲ್ಲಿ ಆ ದರ್ಜೆಗೆ ಪಾತ್ರ ಇರುವುದರಿಂದ, ಅನ್ಯಾಯ ಶಸ್ತ್ರಚಿಕಿತ್ಸೆಯ ಬಾಗಿಲಲ್ಲೇ ನಡೆಯುತ್ತಿತ್ತು.

ಶಸ್ತ್ರವೈದ್ಯೆ: ಕೃತಕ ಬುದ್ಧಿಮತ್ತೆಯ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅದು ಗೆದ್ದದ್ದು ಹೇಗೆಂದು ನೋಡಿ. ಆ ಮಾದರಿಗೆ ಕಲಿಸುವಾಗ "ಈ ಚಿತ್ರಕ್ಕೆ ವೈದ್ಯರು ಯಾವ ದರ್ಜೆ ಕೊಟ್ಟರು" ಎಂದು ಹೇಳಿಕೊಟ್ಟಿದ್ದರೆ ಅದು ವೈದ್ಯರ ಕುರುಡನ್ನೇ ಚೆನ್ನಾಗಿ ಕಲಿತು, ವೇಗವಾಗಿ, ಎಲ್ಲ ಕಡೆ ಹರಡುತ್ತಿತ್ತು. ಅದರ ನಿಖರತೆಯ ಅಂಕವೂ ಬಹಳ ಚೆನ್ನಾಗಿರುತ್ತಿತ್ತು. ಸಂಶೋಧಕರು ಹಾಗೆ ಮಾಡದೆ "ಈ ಮಂಡಿಯವರು ತಮ್ಮ ನೋವು ಎಷ್ಟೆಂದು ಹೇಳಿದರು" ಎಂಬುದನ್ನು ಗುರಿಯಾಗಿಟ್ಟರು. ಜೊತೆಗೆ, ಕಲಿಸುವ ಚಿತ್ರಗಳಲ್ಲಿ ಬೇರೆ ಬೇರೆ ಜನಾಂಗದವರು ಸಾಕಷ್ಟು ಇದ್ದದ್ದರಿಂದಲೂ ಫಲಿತಾಂಶ ಸುಧಾರಿಸಿತು. ಗುರಿಯನ್ನು ತಜ್ಞರ ಅಭಿಪ್ರಾಯದಿಂದ ತೆಗೆದು ರೋಗಿಯ ಅನುಭವದ ಮೇಲೆ ಇಟ್ಟದ್ದೇ ಅಲ್ಲಿ ನಡೆದ ದೊಡ್ಡ ಕೆಲಸ, ಮತ್ತು ಅದನ್ನು ಮಾಡಿದವರು ಮನುಷ್ಯರು. ನಾನು ಮೊದಲು ಹೇಳಿದ ಮಾತಿಗೆ ನೀವೇ ಆಧಾರ ಕೊಟ್ಟಿರಿ. ಮಾರುಕಟ್ಟೆಯಲ್ಲಿರುವ ಮುರಿತ ಗುರುತಿಸುವ ತಂತ್ರಾಂಶಗಳನ್ನು ಸಾಮಾನ್ಯವಾಗಿ ತಜ್ಞರ ಓದಿಗೆ ಹೋಲಿಸಿಯೇ ಅಳೆಯುತ್ತಾರೆ. ಮುರಿತದ ವಿಷಯದಲ್ಲಿ ಅದು ಬಹುಮಟ್ಟಿಗೆ ಸಲ್ಲುತ್ತದೆ. ಮುರಿತ ಇದೆಯೋ ಇಲ್ಲವೋ ಎಂಬುದಕ್ಕೆ ಕೊನೆಗೊಂದು ಉತ್ತರ ಇದೆ. ಕೀಲು ಬದಲಿಸುವಾಗ ಯಾವ ಕೋನದಲ್ಲಿ ಕತ್ತರಿಸಬೇಕು ಎಂಬುದಕ್ಕೆ ಅಂಥ ಉತ್ತರ ಇನ್ನೂ ಸಿಕ್ಕಿಲ್ಲ.

ಎಂಜಿನಿಯರ್: ಆದರೆ ಅಲ್ಲೇ ಯಂತ್ರದ ಬಲ ಎಲ್ಲಕ್ಕಿಂತ ಸ್ಪಷ್ಟವಾಗಿರುವುದು. ಕೈಯಲ್ಲಿ ಗರಗಸ ಹಿಡಿದು ಕತ್ತರಿಸುವಾಗ ಎರಡು ಮೂರು ಡಿಗ್ರಿ ಆಚೀಚೆ ಆಗುತ್ತದೆ. ರೋಬೋಟ್ ನೆರವಿದ್ದರೆ ಯೋಜಿಸಿದ ಕೋನಕ್ಕೆ ಇನ್ನೂ ಹತ್ತಿರ ಹೋಗುತ್ತದೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಕೆಲವು ವ್ಯವಸ್ಥೆಗಳಲ್ಲಿ ಗಡಿ ದಾಟಿದರೆ ತೋಳೇ ತಡೆಯುತ್ತದೆ. ಇದರಿಂದ ರೋಗಿಗೆ ಒಳಿತಾಗದೆ ಇರುತ್ತದೆಯೇ?

ಶಸ್ತ್ರವೈದ್ಯೆ: ಮೊದಲು ಒಂದು ವಿಷಯ ಬೇರ್ಪಡಿಸೋಣ. ಜಾಹೀರಾತಿನಲ್ಲಿ ಕೃತಕ ಬುದ್ಧಿಮತ್ತೆ ಎಂದು ಕರೆಯುವುದರಲ್ಲಿ ಹೆಚ್ಚಿನದು ಜ್ಯಾಮಿತಿ ಮತ್ತು ಯಂತ್ರ ನಿಯಂತ್ರಣ. ಕಲಿಯುವ ಮಾದರಿ ಕೆಲಸ ಮಾಡುವುದು ಸ್ಕ್ಯಾನಿನಲ್ಲಿ ಮೂಳೆಯ ಅಂಚು ಬಿಡಿಸುವುದರಲ್ಲಿ, ಅಳತೆ ಊಹಿಸುವುದರಲ್ಲಿ, ಯೋಜನೆ ಸೂಚಿಸುವುದರಲ್ಲಿ. ಈಗ ಕೋನದ ಮಾತು. ಸೊಂಟದ ಗುಂಡಿನ ನಡುವಿನಿಂದ ಕಾಲಿನ ಗೆಣ್ಣಿನ ನಡುವಿಗೆ ಗೆರೆ ಎಳೆದರೆ ಅದು ಮಂಡಿಯ ಮಧ್ಯದಲ್ಲಿ ಹಾಯಬೇಕು, ಮೂರು ಡಿಗ್ರಿಗಿಂತ ಹೆಚ್ಚು ವಾಲಬಾರದು ಎಂಬುದು ದಶಕಗಳ ನಿಯಮ. 2010ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಹದಿನೈದು ವರ್ಷ ಹಿಂಬಾಲಿಸಿದ 398 ಮಂಡಿಗಳ ಲೆಕ್ಕ ಕೊಟ್ಟರು. ನಿಯಮದೊಳಗೆ ಬಿದ್ದ ಮಂಡಿಗಳು ಹೊರಗೆ ಬಿದ್ದವಕ್ಕಿಂತ ಹೆಚ್ಚು ಕಾಲ ಬಾಳಿರಲಿಲ್ಲ. 2012ರಲ್ಲಿ ಬೆಲ್ಜಿಯಂನ ಬೆಲ್ಲೆಮಾನ್ಸ್ ಮತ್ತು ಸಂಗಡಿಗರು ಆರೋಗ್ಯವಂತ ಯುವಜನರನ್ನು ಅಳೆದು, ಗಂಡಸರಲ್ಲಿ ಶೇ. 32, ಹೆಂಗಸರಲ್ಲಿ ಶೇ. 17 ಮಂದಿಯ ಕಾಲು ಸಹಜವಾಗಿಯೇ ಮೂರು ಡಿಗ್ರಿ ಅಥವಾ ಹೆಚ್ಚು ಹೊರಬಾಗಿದೆ ಎಂದು ತೋರಿಸಿದರು. ಅಂಥವರ ಕಾಲನ್ನು ನೇರ ಮಾಡಿದರೆ ಅವರ ಹುಟ್ಟು ಆಕಾರವನ್ನೇ ಬದಲಿಸಿದಂತೆ. ಹಳೆಯ ಆಕಾರಕ್ಕೆ ಹೊಂದಿಸಿ ಕೀಲು ಕೂರಿಸಬೇಕು ಎನ್ನುವ ಇನ್ನೊಂದು ಪಂಥ ಆಗಲೇ ಬೆಳೆದಿತ್ತು. ಪಂಥಗಳ ವಾದ ಇನ್ನೂ ಮುಗಿದಿಲ್ಲ. ಗುರಿ ಯಾವುದೆಂದೇ ತೀರ್ಮಾನವಾಗದಿದ್ದಾಗ ಅದನ್ನು ಅರ್ಧ ಡಿಗ್ರಿ ಹತ್ತಿರ ಮುಟ್ಟಿದ್ದನ್ನೇ ಪುರಾವೆ ಎಂದು ಹೇಗೆ ಒಪ್ಪುವುದು? ರೋಗಿಗಳ ಕಡೆಯಿಂದ ನೋಡಿದರೂ ಅಷ್ಟೆ. ಮಂಡಿ ಬದಲಿಸಿಕೊಂಡವರಲ್ಲಿ ಐದರಲ್ಲಿ ಒಬ್ಬರಷ್ಟು ಮಂದಿ ಪೂರ್ತಿ ತೃಪ್ತರಾಗಿಲ್ಲ ಎಂದು ಬಹಳ ಕಾಲದಿಂದ ವರದಿಗಳಿವೆ. 2020ರಲ್ಲಿ ಕೊರಿಯಾದ ಯಂಗ್-ಹೂ ಕಿಮ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದ ಫಲಿತಾಂಶ ಪ್ರಕಟಿಸಿದರು. ರೋಬೋಟ್ ಬಳಸಿದವರಿಗೂ ಬಳಸದವರಿಗೂ ಓಡಾಟದಲ್ಲಿ, ನೋವಿನಲ್ಲಿ, ಕೀಲಿನ ಬಾಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎಂಜಿನಿಯರ್: ಆ ಪ್ರಯೋಗದಲ್ಲಿ ಬಳಸಿದ್ದು ಹಳೆಯ ತಲೆಮಾರಿನ ರೋಬೋಟ್. ಕತ್ತಿ ಹಿಡಿದವರು ಬಹಳ ಅನುಭವಿಗಳು. ಅವರ ಕೈಯಲ್ಲಿ ರೋಬೋಟ್ ಇಲ್ಲದೆಯೂ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ಮಂಡಿ ಮಾತ್ರ ಬದಲಿಸುವ ವೈದ್ಯರಿಗೆ ನೆರವಿನ ಅಗತ್ಯ ಹೆಚ್ಚು, ಲಾಭವೂ ಹೆಚ್ಚಿರಬಹುದು. ಇನ್ನೊಂದು ವಿಷಯ: ಪ್ರತಿಯೊಬ್ಬರ ಹುಟ್ಟು ಆಕಾರಕ್ಕೆ ಹೊಂದಿಸಬೇಕೆಂಬ ನಿಮ್ಮ ಹೊಸ ಪಂಥದವರಿಗೇ ಇಂಥ ಲೆಕ್ಕಾಚಾರ ಬೇಕು. ಅದನ್ನು ಕಣ್ಣಳತೆಯಲ್ಲಿ ಮಾಡಲು ಆಗುತ್ತದೆಯೇ?

ಶಸ್ತ್ರವೈದ್ಯೆ: ಎರಡೂ ಬಲವಾದ ಮಾತು. ಕಡಿಮೆ ಶಸ್ತ್ರಚಿಕಿತ್ಸೆ ಮಾಡುವವರಿಗೆ ನೆರವಾಗುತ್ತದೆ ಎಂಬುದು ತರ್ಕಬದ್ಧ ಊಹೆ. ಹಾಗಿದ್ದರೆ ಅಂಥವರ ಕೈಯಲ್ಲೇ ಪರೀಕ್ಷಿಸಿ ತೋರಿಸಬೇಕು. ಈಗ ರೋಬೋಟ್ ಕೊಳ್ಳುತ್ತಿರುವುದು ಹೆಚ್ಚಾಗಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳು, ಅಂದರೆ ಈ ವಾದದ ಪ್ರಕಾರ ಅಗತ್ಯ ಕಡಿಮೆ ಇರುವ ಕಡೆಗಳು. ಖರ್ಚು ಬೀಳುವುದು ರೋಗಿಯ ಮೇಲೆ. 2017ರಲ್ಲಿ ಕೇಂದ್ರ ಸರ್ಕಾರ ಮಂಡಿಯ ಇಂಪ್ಲಾಂಟುಗಳಿಗೆ ಬೆಲೆ ಮಿತಿ ಹಾಕಿ, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಬಗೆಗೆ 54,720 ರೂಪಾಯಿ ನಿಗದಿ ಮಾಡಿತು. ಆ ಮಿತಿ ಇಂಪ್ಲಾಂಟಿಗೆ ಮಾತ್ರ; ರೋಬೋಟ್ ಹೆಸರಿನಲ್ಲಿ ಸೇರುವ ಶುಲ್ಕಕ್ಕೆ ಅನ್ವಯಿಸುವುದಿಲ್ಲ. ಹೊಸ ಪಂಥಕ್ಕೆ ಲೆಕ್ಕಾಚಾರ ಬೇಕೆಂಬುದೂ ನಿಜ. ಆದರೆ ಆ ಲೆಕ್ಕಕ್ಕೆ ಗುರಿ ಎಲ್ಲಿಂದ ಬರಬೇಕು? ರೋಗಿಯ ಸ್ಥಿತಿ ಅಳೆಯಲು ಜಗತ್ತಿನಾದ್ಯಂತ ಬಳಸುವ ಆಕ್ಸ್‌ಫರ್ಡ್ ಮಂಡಿ ಪ್ರಶ್ನಾವಳಿಯಲ್ಲಿ ಹನ್ನೆರಡು ಪ್ರಶ್ನೆಗಳಿವೆ. ಮೆಟ್ಟಿಲು ಇಳಿಯುವುದು, ಅಂಗಡಿಗೆ ಹೋಗಿಬರುವುದು, ಮಂಡಿಯೂರಿ ಏಳುವುದು ಅದರಲ್ಲಿವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರುಗಾಲಿನಲ್ಲಿ ಕೂತು ಶೌಚಕ್ಕೆ ಹೋಗುವುದು, ಗದ್ದೆಯಲ್ಲಿ ಕಳೆ ಕೀಳುವುದು ಇಲ್ಲ. ನಮ್ಮ ರೋಗಿಗಳು ಶಸ್ತ್ರಚಿಕಿತ್ಸೆಗೆ ಮೊದಲು ಕೇಳುವುದು ಅದನ್ನೇ. ಅದನ್ನು ದಾಖಲಿಸದ ದತ್ತಾಂಶದಿಂದ ಕಲಿತ ಯೋಜನೆ ಬೇರೆಯವರ ಬದುಕಿಗೆ ಹೊಂದುವ ಮಂಡಿಯನ್ನು ನಮ್ಮವರಿಗೆ ಕೂರಿಸುತ್ತದೆ.

ಎಂಜಿನಿಯರ್: ಇಲ್ಲಿ ನನ್ನ ಗಟ್ಟಿ ಆಕ್ಷೇಪ ಇದೆ. ಹತ್ತು, ಹದಿನೈದು ವರ್ಷದ ಫಲಿತಾಂಶ ಕೇಳಿದರೆ ಯಾವ ತಂತ್ರಾಂಶವೂ ಬಳಕೆಗೆ ಬರಲಾರದು. ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಪುರಾವೆ ಕೈಗೆ ಬರುವ ಹೊತ್ತಿಗೆ ಪುರಾವೆ ಇರುವ ವಸ್ತುವೇ ಇರುವುದಿಲ್ಲ. ಅಷ್ಟೇ ಅಲ್ಲ, ಮನುಷ್ಯ ವೈದ್ಯರನ್ನು ನಾವು ಹೀಗೆ ಪರೀಕ್ಷಿಸುತ್ತೇವೆಯೇ? ಯಂತ್ರಕ್ಕೆ ಒಂದು ನ್ಯಾಯ, ನಿಮಗೆ ಒಂದು ನ್ಯಾಯ ಆಯಿತು.

ಶಸ್ತ್ರವೈದ್ಯೆ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನಮ್ಮನ್ನೂ ಪರೀಕ್ಷಿಸಲೇಬೇಕು. ಆದರೆ ಒಬ್ಬ ವೈದ್ಯರ ತಪ್ಪು ಅವರ ರೋಗಿಗಳಿಗೆ ಸೀಮಿತ. ತಂತ್ರಾಂಶದ ತಪ್ಪು ಅದನ್ನು ಬಳಸುವ ಎಲ್ಲ ಆಸ್ಪತ್ರೆಗಳಲ್ಲಿ ಒಂದೇ ದಿನ, ಒಂದೇ ಬಗೆಯಲ್ಲಿ ಆಗುತ್ತದೆ. ಈ ದೃಷ್ಟಿಯಿಂದ ಅದು ಇಂಪ್ಲಾಂಟಿಗೆ ಹತ್ತಿರ, ಮತ್ತು ಇಂಪ್ಲಾಂಟಿನ ಚರಿತ್ರೆ ನಿಮ್ಮ ಮೊದಲ ಪ್ರಶ್ನೆಗೆ ದಾರಿ ತೋರಿಸುತ್ತದೆ. ಸ್ವೀಡನ್ 1975ರಲ್ಲಿ ಮಂಡಿಗೆ, 1979ರಲ್ಲಿ ಸೊಂಟಕ್ಕೆ ರಾಷ್ಟ್ರೀಯ ರಿಜಿಸ್ಟ್ರಿ ತೆರೆಯಿತು. ಕೂರಿಸಿದ ಪ್ರತಿಯೊಂದು ಕೃತಕ ಕೀಲಿನ ಹೆಸರು, ಬಗೆ, ದಿನಾಂಕ ಬರೆದಿಟ್ಟು, ಅದೇ ರೋಗಿಗೆ ಮರುಶಸ್ತ್ರಚಿಕಿತ್ಸೆ ಆದರೆ ಅದನ್ನೂ ಸೇರಿಸುವುದು ಅದರ ಕೆಲಸ. ಆಸ್ಟ್ರೇಲಿಯಾ 1999ರಲ್ಲಿ ಅದನ್ನೇ ಮಾಡಿತು. ಡಿಪ್ಯೂ ಕಂಪನಿಯ ಎ.ಎಸ್.ಆರ್. ಎಂಬ ಲೋಹದ ಸೊಂಟದ ಕೀಲು ಮಾರುಕಟ್ಟೆಗೆ ಬಂದಾಗ ಹತ್ತು ವರ್ಷ ಯಾರೂ ಕಾಯಬೇಕಾಗಲಿಲ್ಲ. ಮರುಶಸ್ತ್ರಚಿಕಿತ್ಸೆ ಹೆಚ್ಚಾಗಿದೆ ಎಂದು ಆಸ್ಟ್ರೇಲಿಯಾದ ರಿಜಿಸ್ಟ್ರಿ 2007ರಲ್ಲೇ ಎಚ್ಚರಿಸಿತು. 2009ರ ಕೊನೆಗೆ ಅಲ್ಲಿಂದ, 2010ರ ಆಗಸ್ಟ್‌ನಲ್ಲಿ ಇಡೀ ಜಗತ್ತಿನಿಂದ ಅದನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ಅಷ್ಟರಲ್ಲಿ ಜಗತ್ತಿನಲ್ಲಿ 90 ಸಾವಿರಕ್ಕೂ ಹೆಚ್ಚು ಮಂದಿಗೆ ಅದನ್ನು ಕೂರಿಸಿದ್ದರು. ಅದರ ಒಂದು ಬಗೆ ಅಮೆರಿಕದಲ್ಲಿ ಅನುಮತಿ ಪಡೆದದ್ದು, ಹಿಂದೆ ಒಪ್ಪಿದ ಸಾಧನಗಳಿಗೆ ಇದು ಸಮಾನ ಎಂಬ ವಾದದ ಮೇಲೆ. ಇಂದು ಅಲ್ಲಿ ಕೃತಕ ಬುದ್ಧಿಮತ್ತೆಯ ಬಹುಪಾಲು ವೈದ್ಯಕೀಯ ಸಾಧನಗಳು ಬರುತ್ತಿರುವುದೂ ಅದೇ ದಾರಿಯಲ್ಲಿ. ಭಾರತದಲ್ಲಿ ಸುಮಾರು 4,700 ಮಂದಿಗೆ ಎ.ಎಸ್.ಆರ್. ಕೀಲು ಹಾಕಲಾಗಿತ್ತು. ಪರಿಹಾರ ಕೊಡುವ ಹೊತ್ತಿಗೆ ಅವರಲ್ಲಿ ಬಹಳಷ್ಟು ಮಂದಿ ಎಲ್ಲಿದ್ದಾರೆಂದು ಪತ್ತೆ ಹಚ್ಚಲಾಗಲಿಲ್ಲ. ಎಲ್ಲರ ಹೆಸರೂ ಸೇರಲೇಬೇಕಾದ ರಿಜಿಸ್ಟ್ರಿ ನಮ್ಮಲ್ಲಿ ಇರಲಿಲ್ಲ.

ಎಂಜಿನಿಯರ್: ಅಂದರೆ ಬಳಕೆಗೆ ಮೊದಲೇ ಎಲ್ಲ ಪುರಾವೆ ಬೇಕೆಂದು ನೀವು ಕೇಳುತ್ತಿಲ್ಲ. ಬಳಸುತ್ತಾ ಲೆಕ್ಕ ಇಡಬೇಕು ಎನ್ನುತ್ತಿದ್ದೀರಿ.

ಶಸ್ತ್ರವೈದ್ಯೆ: ಕೆಲಸದ ಅಪಾಯ ನೋಡಿ ಎಷ್ಟು ಪುರಾವೆ ಬೇಕೆಂದು ತೀರ್ಮಾನಿಸಬೇಕು. ಹಳೆಯ ಕೀಲು ಯಾವ ಕಂಪನಿಯದೆಂದು ಎಕ್ಸ್‌ರೇಯಿಂದ ಊಹಿಸುವ ತಂತ್ರಾಂಶ ತಪ್ಪಿದರೆ ಹಳೆಯ ಕಡತ ತೆಗೆದು ಸರಿಪಡಿಸಬಹುದು. ಅದನ್ನು ಧಾರಾಳವಾಗಿ ಬಳಸಲಿ. ಮುರಿತ ತೋರಿಸುವ ತಂತ್ರಾಂಶವನ್ನು, ಅದರ "ಇಲ್ಲ" ಎಂಬ ಉತ್ತರಕ್ಕೆ ರೋಗಿಯನ್ನು ಮುಟ್ಟಿ ನೋಡುವುದನ್ನು ಬಿಡಕೂಡದೆಂಬ ಷರತ್ತಿನ ಮೇಲೆ, ನಮ್ಮದೇ ಚಿತ್ರಗಳ ಮೇಲೆ ಪರೀಕ್ಷಿಸಿ ಬಳಸಲಿ. ಮೂಳೆಯನ್ನು ಎಲ್ಲಿ ಕತ್ತರಿಸಬೇಕೆಂದು ಹೇಳುವ ತಂತ್ರಾಂಶಕ್ಕೆ ಮಾತ್ರ ರಿಜಿಸ್ಟ್ರಿ ಕಡ್ಡಾಯವಾಗಲಿ: ಯಾವ ಆವೃತ್ತಿ, ಅದು ಏನು ಸೂಚಿಸಿತು, ವೈದ್ಯರು ಏನು ಮಾಡಿದರು, ಒಂದು ವರ್ಷದ ನಂತರ ರೋಗಿ ಏನು ಹೇಳಿದರು, ಮರುಶಸ್ತ್ರಚಿಕಿತ್ಸೆ ಆಯಿತೇ. ಆವೃತ್ತಿ ಬದಲಾದರೆ ಆ ಕಾಲಂ ಬದಲಾಗುತ್ತದೆ, ಎರಡನ್ನೂ ಹೋಲಿಸಬಹುದು. ಇದಕ್ಕೆ ದೊಡ್ಡ ಹಣವೂ ಬೇಡ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ ಸರ್ಕಾರ ಹಣ ಕೊಡುವ ಪ್ರತಿ ಶಸ್ತ್ರಚಿಕಿತ್ಸೆಗೂ ಆಗಲೇ ಕ್ಲೇಮ್ ದಾಖಲೆ ಇದೆ. ಅದಕ್ಕೆ ಈ ನಾಲ್ಕೈದು ವಿವರ ಸೇರಿಸಲು ಬೇಕಾದದ್ದು ಆಡಳಿತದ ನಿರ್ಧಾರ.

ಎಂಜಿನಿಯರ್: ಇನ್ನು ಹೊಣೆಯ ಪ್ರಶ್ನೆ. ಲೆಕ್ಕ ಇಡುವ ಅವಧಿಯಲ್ಲಿ ಯಾರಿಗಾದರೂ ಕೆಡುಕಾದರೆ ಕಂಪನಿಯನ್ನು ಕೇಳಬೇಕೋ, ವೈದ್ಯರನ್ನು ಕೇಳಬೇಕೋ? ಈ ಭಯದಿಂದಲೇ ಎರಡೂ ಕಡೆಯವರು ಮುಕ್ತವಾಗಿ ಮಾತಾಡುವುದಿಲ್ಲ.

ಶಸ್ತ್ರವೈದ್ಯೆ: ಕತ್ತಿ ಹಿಡಿದವರು ತಪ್ಪಿಸಿಕೊಳ್ಳಲಾಗದು, ತಪ್ಪಿಸಿಕೊಳ್ಳಬಾರದು. ಆದರೆ ಹೊಣೆ ನ್ಯಾಯವಾಗಿ ಹಂಚಿಕೆಯಾಗಬೇಕಾದರೆ ರೋಗಿಗೆ ಮೊದಲೇ ಸತ್ಯ ಹೇಳಿರಬೇಕು. ಇದಕ್ಕೂ ಹಿಂದಿನ ಪಾಠ ಇದೆ. 1992ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಮೊದಲ ಸಲ ಮನುಷ್ಯರ ಸೊಂಟದ ಶಸ್ತ್ರಚಿಕಿತ್ಸೆಗೆ ಬಂದ ರೋಬೋಡಾಕ್, 90ರ ದಶಕದಲ್ಲಿ ಜರ್ಮನಿಯಲ್ಲಿ ಬಹಳ ಹರಡಿತು. ಮೂಳೆಯನ್ನು ಅದು ನಿಖರವಾಗಿ ಕೊರೆಯುತ್ತಿತ್ತು. ಆದರೆ ಸ್ನಾಯುಗಳಿಗೆ ಪೆಟ್ಟಾಯಿತು, ಕುಂಟು ಉಳಿಯಿತು ಎಂದು ರೋಗಿಗಳು ದೂರಿದರು, ಮೊಕದ್ದಮೆಗಳಾದವು. 2006ರಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಅಂಥದೊಂದು ಪ್ರಕರಣದಲ್ಲಿ, ಹೊಸ ವಿಧಾನ ಬಳಸುವಾಗ ಇನ್ನೂ ಗೊತ್ತಿಲ್ಲದ ಅಪಾಯಗಳು ಇರಬಹುದೆಂಬುದನ್ನೂ ರೋಗಿಗೆ ತಿಳಿಸಬೇಕು ಎಂದಿತು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳನ್ನು ಸಾಕಷ್ಟು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ನಮ್ಮ ಸುಪ್ರೀಂ ಕೋರ್ಟೂ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಇವೆರಡನ್ನೂ ಸೇರಿಸಿ ಓದಿದರೆ, ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲಿ ಎರಡು ವಾಕ್ಯ ಇರಬೇಕು: ನಿಮ್ಮ ಶಸ್ತ್ರಚಿಕಿತ್ಸೆಯ ಯೋಜನೆಯಲ್ಲಿ ಈ ತಂತ್ರಾಂಶದ ಪಾತ್ರ ಇಷ್ಟು, ಇದರಿಂದ ನಡೆದಾಡುವುದು ಉತ್ತಮವಾಗುತ್ತದೆ ಎಂಬುದಕ್ಕೆ ಇಂದಿನ ಪುರಾವೆ ಇಷ್ಟು.

ಎಂಜಿನಿಯರ್: ಆ ಎರಡನೆಯ ವಾಕ್ಯ ಬರೆಯುವುದು ನಮ್ಮಂಥವರಿಗೆ ಕಷ್ಟ, ಆದರೆ ಅದನ್ನು ಬರೆಯಲಾಗುವಂತೆ ಮಾಡುವುದು ನಮ್ಮ ಕೆಲಸವೇ. ತಪ್ಪುಗಳ ಪಟ್ಟಿ, ಆವೃತ್ತಿಯ ದಾಖಲೆ, ಇಲ್ಲಿನ ಚಿತ್ರಗಳ ಮೇಲೆ ಪರೀಕ್ಷೆ, ಇವುಗಳನ್ನು ನಾವು ಕೊಡಬಹುದು. ರೋಗಿಯ ಒಂದು ವರ್ಷದ ಮಾತು ಮಾತ್ರ ನಿಮ್ಮಿಂದಲೇ ಬರಬೇಕು. ಅದು ಬಾರದಿದ್ದರೆ ನಾವು ಮತ್ತೆ ವೈದ್ಯರ ದರ್ಜೆ, ಕೋನ, ಮಿಲಿಮೀಟರುಗಳನ್ನೇ ಗುರಿಯಾಗಿಟ್ಟು ಕಲಿಸುತ್ತೇವೆ. ಬೇರೆ ಗುರಿ ನಮ್ಮ ಬಳಿ ಇರುವುದಿಲ್ಲ.

ಶಸ್ತ್ರವೈದ್ಯೆ: ಆ ಆರೋಪ ಸರಿಯಾಗಿದೆ, ಅದನ್ನು ನಮ್ಮ ಕ್ಷೇತ್ರ ಹೊರಬೇಕು. ಹೊಲಿಗೆ ಬಿಚ್ಚಿದ ಮೇಲೆ ರೋಗಿಯನ್ನು ಮರೆಯುವ ವ್ಯವಸ್ಥೆಯಲ್ಲಿ ಯಾವ ಯಂತ್ರವೂ ಒಳ್ಳೆಯದನ್ನು ಕಲಿಯಲಾರದು. ಆದ್ದರಿಂದ ಆಸ್ಪತ್ರೆಯೊಂದು ಇಂಥ ತಂತ್ರಾಂಶ ಕೊಳ್ಳುವಾಗ, ಅದರ ಜೊತೆಗೇ ರೋಗಿಗಳನ್ನು ಕನಿಷ್ಠ ಒಂದು ವರ್ಷ ಹಿಂಬಾಲಿಸುವ ಒಬ್ಬ ಸಿಬ್ಬಂದಿಯ ಸಂಬಳವನ್ನೂ ಬಜೆಟ್ಟಿನಲ್ಲಿ ಇಡಲಿ. ಅದಕ್ಕೆ ಹಣ ಇಲ್ಲ ಎನ್ನುವ ಆಸ್ಪತ್ರೆ, ಮೂಳೆಯನ್ನು ಎಲ್ಲಿ ಕತ್ತರಿಸಬೇಕೆಂದು ಹೇಳುವ ತಂತ್ರಾಂಶವನ್ನು ಸದ್ಯಕ್ಕೆ ಕೊಳ್ಳದಿರುವುದು ಒಳ್ಳೆಯದು.